ಬರೆದವರ ಶೀರ್ಷಿಕೆ, ಅಚ್ಚಾದ ಶೀರ್ಷಿಕೆ

ಕತೆಯಾಗಲಿ, ಪ್ರಬಂಧವಾಗಲಿ, ವರದಿಯಾಗಲಿ, ಬರಹದಲ್ಲಿ ಎಲ್ಲಕ್ಕಿಂತ ಚಿಕ್ಕ ಭಾಗ ಅದರ ಶೀರ್ಷಿಕೆ. ಎರಡು ಪದ, ಮೂರು ಪದ, ಬಹಳವಾದರೆ ಐದು. ಬರೆದವರ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದಿಡುವುದೂ ಹಲವು ವೇಳೆ ಅದೇ. ಆ ಪದಗಳನ್ನು ತೆಗೆದು ಸಂಪಾದಕರು ಬೇರೆ ಪದಗಳನ್ನು ಇಟ್ಟಾಗ ಒಳಗಿನ ಬರಹದಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ; ಆದರೂ ಬರೆದವರ ಕಣ್ಣಿಗೆ ಬರಹವೇ ಬೇರೆಯಾಗಿ ಕಾಣುತ್ತದೆ. ಹಾಗೆ ಕಾಣುವುದಕ್ಕೆ ಕಾರಣಗಳಿವೆ. ಬದಲಿಸಿದ ಕೈಗೂ ಕಾರಣಗಳಿವೆ. ಎರಡನ್ನೂ ಅರಿತರೆ ಶೀರ್ಷಿಕೆ ಕಟ್ಟುವುದು ಎಷ್ಟು ಸೊಗಸಾದ, ಎಷ್ಟು ಹೊಣೆಯ ಕಸುಬು ಎಂಬುದು ತಿಳಿಯುತ್ತದೆ.

ಶೀರ್ಷಿಕೆ ಮೂರು ಬಗೆಯಲ್ಲಿ ಹುಟ್ಟುತ್ತದೆ. ಕೆಲವರಿಗೆ ಅದು ಬರಹಕ್ಕಿಂತ ಮೊದಲೇ ಬರುತ್ತದೆ. ಆ ಎರಡು ಪದಗಳ ಮೋಹದಿಂದಲೇ ಕತೆ ಬೆಳೆಯುತ್ತದೆ. ಇನ್ನು ಕೆಲವರಿಗೆ ಬರೆಯುತ್ತಿರುವಾಗ ನಡುವಿನ ಒಂದು ವಾಕ್ಯ ಎದ್ದು ನಿಂತು ತಾನೇ ಹೆಸರು ಎನ್ನುತ್ತದೆ. ಉಳಿದವರು ಕೊನೆಯ ಚುಕ್ಕೆ ಇಟ್ಟ ಮೇಲೆ ಹುಡುಕಲು ಕೂರುತ್ತಾರೆ: ಹಾಳೆಯ ಅಂಚಿನಲ್ಲಿ ಹತ್ತಾರು ಹೆಸರು ಬರೆದು, ಒಂದೊಂದನ್ನೇ ಹೊಡೆದುಹಾಕಿ, ಉಳಿದದ್ದನ್ನು ಗಟ್ಟಿಯಾಗಿ ಓದಿ ನೋಡುತ್ತಾರೆ. ಮೂರು ಬಗೆಯಲ್ಲೂ ಶೀರ್ಷಿಕೆಗೆ ಬರಹದೊಳಗೆ ಒಂದು ಕೆಲಸವಿರುತ್ತದೆ. ಓದುಗನನ್ನು ಎಲ್ಲಿ ನಿಲ್ಲಿಸಿ ನೋಡಿಸಬೇಕು, ಏನನ್ನು ಮುಂಚೆಯೇ ಹೇಳಬೇಕು, ಏನನ್ನು ಕೊನೆಯವರೆಗೆ ಮುಚ್ಚಿಡಬೇಕು ಎಂಬುದನ್ನೆಲ್ಲ ಅದೇ ನಿರ್ಧರಿಸುತ್ತದೆ. ಅದನ್ನು ನಂಬಿ ಬರೆದವರು ಮೊದಲ ವಾಕ್ಯವನ್ನು ರೂಪಿಸಿರುತ್ತಾರೆ. ಶೀರ್ಷಿಕೆ ಹೋದಾಗ ಆ ಮೊದಲ ವಾಕ್ಯ ಆಸರೆ ಕಳೆದುಕೊಳ್ಳುತ್ತದೆ.

ಈ ಕಸುಬನ್ನು ಹತ್ತಿರದಿಂದ ನೋಡಲು ಕಲಬುರಗಿಯ ನೆಹರು ಗಂಜ್ ತಕ್ಕ ಜಾಗ. ಸುತ್ತಲಿನ ತಾಲ್ಲೂಕುಗಳ ತೊಗರಿ ಬಂದು ಸೇರುವ ಪೇಟೆ ಅದು. ಡಿಸೆಂಬರ್, ಜನವರಿಯಲ್ಲಿ ರಾಶಿ ಮುಗಿಯುತ್ತಿದ್ದಂತೆ ಚೀಲಗಳು ಅಡತಿ ಅಂಗಡಿಗಳ ಮುಂದೆ ಬಂದು ಬೀಳುತ್ತವೆ. ಹಮಾಲರು, ಖರೀದಿದಾರರು, ದಾಲ್ ಮಿಲ್ಲಿನವರು, ತೂಕಕ್ಕೆ ಕಾದು ಕುಳಿತ ರೈತರು ಎಲ್ಲರೂ ಅಲ್ಲಿರುತ್ತಾರೆ. ಸುಗ್ಗಿಯಲ್ಲಿ ಜಿಲ್ಲೆಯ ಪತ್ರಿಕೆಗಳಿಗೆ ಸುದ್ದಿಯ ಮೂಲ ಈ ಗಂಜ್. ವರದಿಗಾರರೊಬ್ಬರು ಅಲ್ಲಿ ದಿನವಿಡೀ ಅಲೆದು, ಚೀಲದ ಮೇಲೆ ತಲೆಯಿಟ್ಟು ರಾತ್ರಿ ಕಳೆದ ಒಬ್ಬ ರೈತನ ಬಗ್ಗೆ ಬರೆದು, ‘ಚೀಲದ ಕಾವಲು’ ಎಂದು ಹೆಸರಿಟ್ಟು ಕಳಿಸಿದರು ಎಂದಿಟ್ಟುಕೊಳ್ಳೋಣ. ಡೆಸ್ಕಿನಲ್ಲಿ ಅದು ‘ತೊಗರಿ ಆವಕ ಹೆಚ್ಚಳ: ದರ ಕುಸಿತ’ ಎಂದಾಗುತ್ತದೆ. ಅದೇ ವರದಿ ಬೆಂಗಳೂರಿನ ಪುಟಕ್ಕೆ ಹೋದರೆ ‘ತೊಗರಿ ಬೇಳೆ ಅಗ್ಗ?’ ಎಂದು ಆಗಬಹುದು. ಮೂರರಲ್ಲಿ ಯಾವುದೂ ಸುಳ್ಳಲ್ಲ. ಮೊದಲನೆಯದು ಒಬ್ಬ ಮನುಷ್ಯನನ್ನು ತೋರಿಸುತ್ತದೆ, ಎರಡನೆಯದು ಮಾರುವವರ ನಷ್ಟವನ್ನು ಹೇಳುತ್ತದೆ, ಮೂರನೆಯದು ಕೊಳ್ಳುವವರ ಲಾಭವನ್ನು ಹೇಳುತ್ತದೆ. ಒಂದೇ ಬರಹ, ಮೂರು ಬೇರೆ ಬೇರೆ ಓದು. ಗಂಜ್‌ನಿಂದ ಹೊರಡುವ ತೊಗರಿಗೂ ಹೀಗೇ ಆಗುತ್ತದೆ: ರೈತ ತಂದ ಕಾಳು ಮಿಲ್ಲಿನಲ್ಲಿ ಬೇಳೆಯಾಗಿ, ಬೇರೆ ಹೆಸರಿನ ಚೀಲ ಹೊಕ್ಕು ದೂರದ ಊರು ಸೇರುತ್ತದೆ, ಬೆಳೆದವನು ಅದನ್ನು ಅಂಗಡಿಯಲ್ಲಿ ಕಂಡರೆ ತನ್ನದೆಂದು ಗುರುತಿಸಲಾರ.

ಡೆಸ್ಕಿನ ಕೈಯನ್ನು ನಡೆಸುವ ಕಾರಣಗಳಲ್ಲಿ ಮೊದಲನೆಯದು ಜಾಗ. ಕನ್ನಡದ ಪದಗಳು ಪ್ರತ್ಯಯಗಳನ್ನು ಕೂಡಿಸಿಕೊಂಡು ಉದ್ದವಾಗುತ್ತವೆ. ‘ಮಾರುಕಟ್ಟೆಯಲ್ಲಿನ’ ಎಂಬ ಒಂದೇ ಪದ ಒಂದು ಕಾಲಮ್ಮಿನ ಅಗಲವನ್ನು ನುಂಗಬಲ್ಲದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ದೊಡ್ಡ ಅಕ್ಷರದ ಎರಡು ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕು. ಮೊಳೆ ಜೋಡಿಸುವ ಕಾಲದಲ್ಲಿ ಈ ಒತ್ತಡ ಇನ್ನೂ ಬಿಗಿಯಾಗಿತ್ತು. ಪೆಟ್ಟಿಗೆಯಲ್ಲಿದ್ದ ದೊಡ್ಡ ಮೊಳೆಗಳಲ್ಲೇ ಶೀರ್ಷಿಕೆ ಮುಗಿಯಬೇಕಿತ್ತು. ಎರಡನೆಯ ಕಾರಣ ನೆರೆಹೊರೆ: ಅದೇ ಪುಟದ ಇನ್ನೊಂದು ಸುದ್ದಿಯಲ್ಲಿ ಆ ಪದವೇ ಇದ್ದರೆ ಒಂದು ಹೋಗಬೇಕು. ಮೂರನೆಯದು ಕಾನೂನು: ಆರೋಪವನ್ನು ತೀರ್ಪಿನಂತೆ ಹೇಳುವ ಶೀರ್ಷಿಕೆಯನ್ನು ಬಿಡುವಂತಿಲ್ಲ. ನಾಲ್ಕನೆಯದು ಓದುಗ: ಅವಸರದಲ್ಲಿ ಪುಟ ತಿರುವುವವನು ನಿಂತು ನೋಡಬೇಕು. ಈಗ ಮೊಬೈಲಿನಲ್ಲಿ ಹುಡುಕುವವರ ಕಣ್ಣಿಗೂ ಬೀಳಬೇಕಾಗಿರುವುದರಿಂದ ಊರಿನ ಹೆಸರು, ಬೆಳೆಯ ಹೆಸರು, ದರ ಎಲ್ಲವೂ ಮೊದಲೇ ಬರಬೇಕೆಂಬ ಒತ್ತಾಯ ಸೇರಿದೆ.

ಬರೆದವರಿಟ್ಟ ಹೆಸರು ಬದಲಾಗುವುದು ಕನ್ನಡಕ್ಕೆ ಹೊಸದಲ್ಲ. ಪಂಪ ತನ್ನ ಕಾವ್ಯಕ್ಕೆ ‘ವಿಕ್ರಮಾರ್ಜುನ ವಿಜಯ’ ಎಂದು ಹೆಸರಿಟ್ಟ. ನಾಡು ಅದನ್ನು ‘ಪಂಪ ಭಾರತ’ ಎಂದಿತು. ರನ್ನನ ‘ಸಾಹಸಭೀಮ ವಿಜಯ’ ‘ಗದಾಯುದ್ಧ’ವಾಯಿತು. ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯನ್ನು ಜನ ಇಂದಿಗೂ ‘ಗದುಗಿನ ಭಾರತ’ ಎಂದೇ ಕರೆಯುತ್ತಾರೆ. ಆಶ್ರಯದಾತನನ್ನು ಕಾವ್ಯದ ನಾಯಕನೊಂದಿಗೆ ಸಮೀಕರಿಸುವ ಗೌರವ ಪಂಪ, ರನ್ನರ ಮೂಲ ಹೆಸರುಗಳಲ್ಲಿತ್ತು. ಅರಸೊತ್ತಿಗೆ ಅಳಿದ ಮೇಲೆ ಓದುಗರು ಕವಿಯ ಹೆಸರನ್ನೋ, ಕತೆಯ ತಿರುಳನ್ನೋ ಮುಂದೆ ತಂದರು. ಇಲ್ಲಿ ಹೆಸರು ಬದಲಿಸಿದ್ದು ಪ್ರೀತಿ; ಅದಕ್ಕೆ ನೂರಾರು ವರ್ಷಗಳ ಓದಿನ ಬೆಂಬಲವಿದೆ.

ತಿದ್ದುವವರ ಕೆಲಸಕ್ಕೂ ಈ ಸೀಮೆಯಲ್ಲಿ ಹಳೆಯ ಬೇರಿದೆ. ನೆಹರು ಗಂಜ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಮೂಡಿದ ‘ಕವಿರಾಜಮಾರ್ಗ’ ಕಾವ್ಯದ ದೋಷಗಳನ್ನು ಹೇಳುವಾಗ ದೋಷವಿರುವ ಪದ್ಯವನ್ನು ಕೊಟ್ಟು, ಅದೇ ಮಾತು ತಿದ್ದಿದಾಗ ಹೇಗಿರುತ್ತದೆ ಎಂಬುದನ್ನೂ ತೋರಿಸುತ್ತದೆ. ಪದವನ್ನು ಕದಲಿಸುವಾಗ ಕಾರಣವನ್ನೂ ಹೇಳುವುದು ಆ ಗ್ರಂಥದ ಶಿಸ್ತು. ಇಂದಿನ ಸಂಪಾದಕರಿಗೆ ಇದಕ್ಕಿಂತ ಹತ್ತಿರದ ಮಾದರಿ ಬೇಕಿಲ್ಲ.

ವಚನಗಳಿಗೆ ಶೀರ್ಷಿಕೆಯೇ ಇರಲಿಲ್ಲ. ಅವುಗಳ ಗುರುತು ಕೊನೆಯಲ್ಲಿ ಬರುವ ಅಂಕಿತ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಹೊರತಂದಾಗ ಚದುರಿದ್ದ ವಚನಗಳನ್ನು ವಿಷಯಗಳ ತಲೆಬರಹಗಳ ಕೆಳಗೆ ಜೋಡಿಸಿದರು. ಆ ಜೋಡಣೆಯಿಂದ ಹೊಸ ಓದುಗರಿಗೆ ದಾರಿಯಾಯಿತು. ಅದರ ಜೊತೆಗೇ ಒಂದು ವಚನವನ್ನು ಒಂದೇ ವಿಷಯದ ಕೆಳಗೆ ಓದುವ ರೂಢಿಯೂ ಬೆಳೆಯಿತು. ಶಾಲೆಯ ಪಠ್ಯಪುಸ್ತಕಗಳಲ್ಲಿ ಇದು ಇನ್ನೂ ಸ್ಪಷ್ಟ. ಲಕ್ಷ್ಮೀಶನ ‘ಜೈಮಿನಿ ಭಾರತ’ದ ಒಂದು ಭಾಗ ಮಕ್ಕಳಿಗೆ ‘ವೀರಲವ’ ಎಂದು ಸಿಗುತ್ತದೆ. ಆ ಹೆಸರು ಪಠ್ಯ ಕಟ್ಟಿದವರದು. ಭಾವಗೀತೆಗಳ ಪಾಡು ಬೇರೆ. ಬೇಂದ್ರೆಯವರು ‘ಬೆಳಗು’ ಎಂದು ಕರೆದ ಕವಿತೆಯನ್ನು ಹಾಡಿ ಬಲ್ಲವರು ಮೊದಲ ಸಾಲಿನಿಂದಲೇ ಗುರುತಿಸುತ್ತಾರೆ. ದನಿಯ ಬಲದ ಮುಂದೆ ಶೀರ್ಷಿಕೆ ಹಿಂದೆ ಸರಿದಿದೆ.

ಪತ್ರಿಕೆಯೇ ಹೆಸರು ಬದಲಿಸಿಕೊಂಡ ಉದಾಹರಣೆ ಕನ್ನಡ ಪತ್ರಿಕೋದ್ಯಮದ ಮೊದಲ ಪುಟದಲ್ಲೇ ಇದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಯಲ್ಲಿ ಅಚ್ಚಾಗತೊಡಗಿದಾಗ ‘ಕನ್ನಡ ಸಮಾಚಾರ’ವಾಯಿತು. ಓದುಗರ ವಲಯ ಒಂದು ಊರನ್ನು ದಾಟಿದ್ದಕ್ಕೆ ಹೆಸರೂ ಊರನ್ನು ದಾಟಿತು. ಬದಲಿಸಿದವರು ನಡೆಸುತ್ತಿದ್ದವರೇ ಆದ್ದರಿಂದ ಇಲ್ಲಿ ನೋವಿನ ಮಾತಿಲ್ಲ.

ಬರಹ ಬೇರೊಂದು ಮಾಧ್ಯಮಕ್ಕೆ ಹೋದಾಗ ಹೆಸರು ಬದಲಾಗುವುದು ಇನ್ನೊಂದು ಬಗೆ. ಕಲಬುರಗಿಯ ನೆಲದ ಕಾದಂಬರಿಕಾರ್ತಿ, 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೀತಾ ನಾಗಭೂಷಣ ಅವರ ‘ಹಸಿಮಾಂಸ ಮತ್ತು ಹದ್ದುಗಳು’ ಚಲನಚಿತ್ರವಾದಾಗ ‘ಹೆಣ್ಣಿನ ಕೂಗು’ ಎಂಬ ಹೆಸರು ಪಡೆಯಿತು. ಮೊದಲ ಹೆಸರು ಓದುಗನನ್ನು ಬೆಚ್ಚಿಬೀಳಿಸಿ, ಹದ್ದುಗಳು ಯಾರು ಎಂದು ಕೇಳಿಸುತ್ತದೆ. ಆರೋಪ ಅದರಲ್ಲೇ ಇದೆ. ಎರಡನೆಯದು ನೊಂದವಳ ದನಿಯನ್ನು ಮುಂದಿಡುತ್ತದೆ, ನೋಯಿಸಿದವರನ್ನು ಹೆಸರಿನಿಂದ ಹೊರಗಿಡುತ್ತದೆ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆ ಗಿರೀಶ್ ಕಾಸರವಳ್ಳಿಯವರ ಕೈಯಲ್ಲಿ 2004ರಲ್ಲಿ ‘ಹಸೀನಾ’ ಚಿತ್ರವಾಯಿತು. ಇಲ್ಲೂ ಕಚ್ಚುವವರ ಮೇಲಿದ್ದ ಕಣ್ಣು ಬಾಳುವವಳ ಕಡೆಗೆ ತಿರುಗಿತು. ಮುಂದೆ ಬಾನು ಅವರ ಸಮಗ್ರ ಕತೆಗಳ ಸಂಪುಟ ‘ಹಸೀನಾ ಮತ್ತು ಇತರ ಕತೆಗಳು’ ಎಂಬ ಹೆಸರಿನಲ್ಲೇ ಬಂತು. ಬೇರೆಯವರು ಕೊಟ್ಟ ಹೆಸರು ಬರೆದವರ ಮನೆಯದೇ ಆಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಬರೆದವರ ಒಳಗೆ ಏನಾಗುತ್ತದೆ ಎಂಬುದನ್ನು ಬಿಡಿಸಿ ನೋಡಬಹುದು. ಭಾನುವಾರದ ಪುರವಣಿ ತೆರೆದವರು ಮೊದಲು ತಮ್ಮ ಬರಹವನ್ನು ದಾಟಿ ಹೋಗುತ್ತಾರೆ, ಏಕೆಂದರೆ ಕಣ್ಣು ಹಳೆಯ ಶೀರ್ಷಿಕೆಯನ್ನು ಹುಡುಕುತ್ತಿರುತ್ತದೆ. ಆಮೇಲೆ ತಮ್ಮ ಹೆಸರು ಕಂಡು ನಿಲ್ಲುತ್ತಾರೆ. ಆ ಕ್ಷಣದ ಸಂತೋಷದೊಳಗೇ ಒಂದು ಮುಳ್ಳಿರುತ್ತದೆ. ಕೊನೆಗೆ ತೆರೆಯಬೇಕಾಗಿದ್ದ ಗುಟ್ಟನ್ನು ಹೊಸ ಶೀರ್ಷಿಕೆ ಹೇಳಿಬಿಟ್ಟಿದ್ದರೆ ನೋವು ದೊಡ್ಡದು. ಬರಹ ಹೇಳದ ಮಾತನ್ನು ಅದು ಹೇಳಿದ್ದರೆ ಇನ್ನೂ ದೊಡ್ಡದು. ಬೈಲೈನ್ ಬರೆದವರದು, ಮಾತು ಬೇರೆಯವರದು, ಊರಿನವರು ಕೇಳುವುದು ಬರೆದವರನ್ನು. ಗಂಜ್‌ನಲ್ಲಿ ನಂಬಿ ಮಾತಾಡಿದ ರೈತನೋ, ಹಮಾಲನೋ ‘ಹೀಗೇಕೆ ಬರೆದಿರಿ’ ಎಂದು ಕೇಳಿದಾಗ ಡೆಸ್ಕಿನ ಕತೆಯನ್ನು ಅವರಿಗೆ ತಿಳಿಸಿ ಹೇಳುವುದು ಕಷ್ಟ. ಇದಕ್ಕೆ ಎದುರಾದ ಅನುಭವವೂ ಅಷ್ಟೇ ನಿಜ. ಬರೆದವರು ಹತ್ತು ಹೆಸರು ಹುಡುಕಿಯೂ ಕಾಣದಿದ್ದುದನ್ನು ನುರಿತ ಉಪಸಂಪಾದಕರು ಬರಹದ ನಡುವಿನಿಂದಲೇ ಎತ್ತಿ ಮೇಲಿಡುತ್ತಾರೆ. ತಮ್ಮ ಬರಹದ ತಿರುಳು ಇಲ್ಲಿತ್ತೇ ಎಂದು ಬರೆದವರು ಬೆರಗಾಗುತ್ತಾರೆ. ತನ್ನನ್ನು ಒಬ್ಬರು ಪೂರ್ತಿಯಾಗಿ ಓದಿದ್ದಾರೆ ಎಂಬ ಆ ತಿಳಿವಿನಷ್ಟು ಸುಖ ಬರೆಯುವವರಿಗೆ ಬೇರೆ ಕಡಿಮೆ.

ಇಟಲಿಯ ಪ್ರೀಮೊ ಲೆವಿಯ ಬದುಕಿನಲ್ಲಿ ಈ ಎರಡೂ ಕೂಡಿವೆ. ಔಶ್ವಿಟ್ಜ್‌ನಿಂದ ಬದುಕಿ ಬಂದ ಆತ ತನ್ನ ಮೊದಲ ಪುಸ್ತಕಕ್ಕೆ ‘ಮುಳುಗಿದವರು ಮತ್ತು ಉಳಿದವರು’ ಎಂಬ ಅರ್ಥದ ಹೆಸರು ಇಡಬೇಕೆಂದಿದ್ದ. ಪ್ರಕಾಶಕ ಫ್ರಾಂಕೊ ಅಂತೊನಿಚೆಲ್ಲಿ ಲೆವಿಯದೇ ಕವಿತೆಯಿಂದ ಬೇರೆ ಮಾತನ್ನು ಆರಿಸಿದ. 1947ರಲ್ಲಿ ಪುಸ್ತಕ ‘ಇವನು ಮನುಷ್ಯನಾದರೆ’ ಎಂಬ ಅರ್ಥದ ಹೆಸರಿನಲ್ಲಿ ಬಂತು. ಇಟಲಿ ಅದನ್ನು ಆ ಹೆಸರಿನಿಂದಲೇ ನೆನೆಯುತ್ತದೆ. ಲೆವಿ ಮಾತ್ರ ತನ್ನ ಮೊದಲ ಆಯ್ಕೆಯನ್ನು ಮರೆಯಲಿಲ್ಲ. 1986ರಲ್ಲಿ ಬಂದ ಪ್ರಬಂಧಗಳ ಪುಸ್ತಕಕ್ಕೆ ಅದೇ ಹೆಸರಿಟ್ಟ. ಬರೆದವರ ಶೀರ್ಷಿಕೆ ಎಷ್ಟು ಕಾಲ ಅವರೊಳಗೆ ಬಾಳುತ್ತದೆ ಎಂಬುದಕ್ಕೆ ಸುಮಾರು 40 ವರ್ಷಗಳ ಈ ನೆನಪೇ ಅಳತೆ.

ಕಾನೂನು ಈ ವಿಷಯದಲ್ಲಿ ಅರ್ಧ ದಾರಿ ಮಾತ್ರ ಬರುತ್ತದೆ. ಶೀರ್ಷಿಕೆಯೊಂದನ್ನೇ ಕೃತಿಯೆಂದು ಎಣಿಸಿ ಅದಕ್ಕೆ ಹಕ್ಕುಸ್ವಾಮ್ಯ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ, ‘ದೇಸಿ ಬಾಯ್ಸ್’ ಎಂಬ ಸಿನಿಮಾ ಹೆಸರಿನ ಮೊಕದ್ದಮೆಯಲ್ಲಿ ಹೇಳಿತು. ಆದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೆಯ ಕಲಂ ಬರೆದವರಿಗೆ ಒಂದು ವಿಶೇಷ ಹಕ್ಕನ್ನು ಕೊಟ್ಟಿದೆ: ಹಕ್ಕುಸ್ವಾಮ್ಯವನ್ನು ಮಾರಿದ ಮೇಲೂ, ತಮ್ಮ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ತಿರುಚಿದರೆ ಅವರು ಪ್ರಶ್ನಿಸಬಹುದು. ಹಿಂದಿ ಲೇಖಕಿ ಮನ್ನು ಭಂಡಾರಿ ತಮ್ಮ ‘ಆಪ್ ಕಾ ಬಂಟಿ’ ಕಾದಂಬರಿ ‘ಸಮಯ್ ಕೀ ಧಾರಾ’ ಎಂಬ ಚಿತ್ರವಾದಾಗ ಇದೇ ಕಲಮಿನ ಬಲದಿಂದ ನ್ಯಾಯಾಲಯಕ್ಕೆ ಹೋದರು. ದೆಹಲಿ ಹೈಕೋರ್ಟ್ 1986ರಲ್ಲಿ ಬರೆದವರ ಈ ಹಕ್ಕಿನ ಘನತೆಯನ್ನು ಎತ್ತಿಹಿಡಿಯಿತು. ನಿತ್ಯದ ಪತ್ರಿಕೆಯ ಶೀರ್ಷಿಕೆಗಳು ನ್ಯಾಯಾಲಯದವರೆಗೆ ಹೋಗುವಂಥವಲ್ಲ. ಅಲ್ಲಿ ನಡೆಯಬೇಕಾದದ್ದು ಸೌಜನ್ಯ.

ಆ ಸೌಜನ್ಯಕ್ಕೆ ಖರ್ಚಿಲ್ಲ. ಸುದ್ದಿಗೆ ಸಮಯವಿಲ್ಲ ಎಂಬುದು ನಿಜ. ರಾತ್ರಿ ಪುಟ ಕಳಿಸುವ ಹೊತ್ತಿನಲ್ಲಿ ಪ್ರತಿ ವರದಿಗಾರರನ್ನೂ ಕೇಳಲಾಗದು. ಕತೆ, ಕವಿತೆ, ಪ್ರಬಂಧ, ಅಂಕಣಗಳ ಮಾತು ಹಾಗಲ್ಲ. ಅವು ವಾರಗಟ್ಟಲೆ ಸಂಪಾದಕರ ಮೇಜಿನ ಮೇಲಿರುತ್ತವೆ. ಶೀರ್ಷಿಕೆ ಬದಲಿಸುವ ಮುನ್ನ ಒಂದು ಫೋನ್ ಕರೆ, ಇಲ್ಲವೇ ಕಾರಣ ಹೇಳುವ ಎರಡು ಸಾಲು ಸಾಕು. ಬರೆಯುವವರೂ ಒಂದು ಹೆಸರಿನ ಜೊತೆಗೆ ಇನ್ನೆರಡನ್ನು ಕಳಿಸಿದರೆ, ಅವುಗಳಲ್ಲೊಂದು ಕಾಲಮ್ಮಿನ ಅಗಲಕ್ಕೆ ಹೊಂದುವಂತಿದ್ದರೆ, ಬದಲಾವಣೆಯ ಕೀಲಿ ಅವರ ಕೈಯಲ್ಲೇ ಉಳಿಯುತ್ತದೆ. ಪುಸ್ತಕವಾಗುವಾಗ ಮೂಲ ಹೆಸರನ್ನು ಮರಳಿ ಇಡುವ ಸ್ವಾತಂತ್ರ್ಯವೂ ಅವರಿಗಿದೆ, ಅದನ್ನು ಬಳಸಿಕೊಳ್ಳಬೇಕು.

ಶೀರ್ಷಿಕೆಯನ್ನು ಬದಲಿಸುವುದು ತಪ್ಪಲ್ಲ, ಸಮಯವಿದ್ದೂ ಕೇಳದೆ ಬದಲಿಸುವುದು ತಪ್ಪು. ಸಂಪಾದಕರು ಕೇಳಲಿ, ಬರೆಯುವವರು ಕಿವಿಗೊಡಲಿ. ಓದುಗರು ಕೂಡ ಪತ್ರಿಕೆಯ ಬರಹವೊಂದನ್ನು ಮೆಚ್ಚುವ ಇಲ್ಲವೇ ದೂರುವ ಮುನ್ನ ಒಂದನ್ನು ನೆನಪಿಡಲಿ: ಮೇಲಿನ ದೊಡ್ಡ ಅಕ್ಷರಗಳು ಹಲವು ವೇಳೆ ಬರೆದವರವಲ್ಲ, ಬರೆದವರನ್ನು ಅಳೆಯಬೇಕಾದದ್ದು ಕೆಳಗಿನ ಸಣ್ಣ ಅಕ್ಷರಗಳಿಂದ.