ದೀಪ ಆರದ ಊರುಗಳು

ಕಂದಾಯ ಕಡತಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತಿದೆ. ದೀಪ ಹಚ್ಚುವವರಿಲ್ಲದ ಊರು. ಪುರಾತತ್ತ್ವದವರಿಗೆ ಒಲಿಯುವುದು ಇಂಥ ಊರೇ. ಜನ ಬಿಟ್ಟುಹೋಗಿದ್ದ ಬ್ರಹ್ಮಗಿರಿಯನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಪದರ ಪದರವಾಗಿ ಅಗೆದು, ಕಲ್ಗೊಡಲಿಯ ಕಾಲದಿಂದ ಶಾತವಾಹನರವರೆಗಿನ ಬದುಕನ್ನು ಒಂದರ ಮೇಲೊಂದಾಗಿ ತೋರಿಸಿದರು.

ಮುಂಬಯಿ ಪಕ್ಕದ ಕಲ್ಯಾಣದಲ್ಲಿ ಹಾಗೆ ಅಗೆಯುವುದು ಎಲ್ಲಿಂದ? ಹಳೆಯದರ ನೆತ್ತಿಯ ಮೇಲೆಯೇ ಇಂದಿನ ಊರು ಕೂತಿದೆ. (ಇದು ಬಸವಣ್ಣನವರ ಕಲ್ಯಾಣವಲ್ಲ, ಕನ್ನಡಿಗರಿಗೆ ಪ್ರತಿಸಲ ಹೇಳಬೇಕಾಗುತ್ತದೆ.) ಕ್ರಿ.ಶ. ಮೊದಲ ಶತಮಾನದ ಗ್ರೀಕ್ ಕೈಪಿಡಿ ‘ಪೆರಿಪ್ಲಸ್’ ಇದನ್ನು ಕಲ್ಲಿಯೆನಾ ಎನ್ನುತ್ತದೆ. ಒಂದು ಕಾಲಕ್ಕೆ ಇದು ಕಾಯಿದೆಬದ್ಧ ಪೇಟೆಯಾಗಿತ್ತು, ಈಗ ಇಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಭರೂಚ್‌ಗೆ ಒಯ್ಯುತ್ತಾರೆ ಎಂದು ಅದರ ದೂರು. ಕನ್ಹೇರಿ ಗುಹೆಗಳ ಶಾಸನಗಳಲ್ಲೂ ಕಲ್ಯಾಣದ ದಾನಿಗಳಿದ್ದಾರೆ. ಊರು ಬೆಳೆದದ್ದಕ್ಕೆ ಕಾರಣ ನೆಲದಲ್ಲೇ ಇದೆ: ಉಲ್ಹಾಸ ನದಿಯ ಖಾಡಿಗೆ ಬಂದ ಸರಕು ಇಲ್ಲಿಂದ ನಾಣೇಘಾಟ್ ಹತ್ತಿ ಜುನ್ನರ್, ಪೈಠಣದ ಕಡೆಗೆ ಹೋಗುತ್ತಿತ್ತು. 1854ರಲ್ಲಿ ರೈಲು ಬಂದಾಗ ಘಾಟಿಗಳು ಬದಲಾದವು, ಕೂಡುದಾರಿ ಬದಲಾಗಲಿಲ್ಲ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರ ಬೋರಘಾಟ್ ಹಳಿಯೂ ನಾಸಿಕದ ಕಡೆಯ ಥಳಘಾಟ್ ಹಳಿಯೂ ಕೂಡುವುದು ಇಲ್ಲೇ.

ಈಗ ಹಳೆಯ ಕಟ್ಟಡ ಕೆಡವಿ ಹೊಸ ಬುನಾದಿ ತೋಡುವಾಗ ಜೆಸಿಬಿ ಎತ್ತುವ ಮಣ್ಣನ್ನು ನಿಂತು ನೋಡುವವರು ಅಪರೂಪ. ವೀಲರ್ ಕುಂಚ ಹಿಡಿದು ಬಿಡಿಸುತ್ತಿದ್ದ ಪದರಗಳು ಲಾರಿಯಲ್ಲಿ ಹೊರಟುಹೋಗುತ್ತವೆ.

ಠಾಣೆ ಶಿಲಾಹಾರರ ರಾಜಧಾನಿ, ಶಾಸನಗಳ ಸ್ಥಾನಕ. ಅಮೋಘವರ್ಷ ಮಳಖೇಡದಿಂದ ಆಳುತ್ತಿದ್ದಾಗ ಈ ಶಿಲಾಹಾರರು ಅವನ ಸಾಮಂತರು. ಡೊಂಬಿವಲಿಯದು ಬೇರೆ ಕತೆ: ಲೋಕಲ್ ರೈಲಿನ ಬೆನ್ನು ಹಿಡಿದು ಮನೆ ಹುಡುಕಿ ಬಂದವರು ಉಬ್ಬಿಸಿದ ಊರು.

ನವಿ ಮುಂಬಯಿ ಮಾತ್ರ ಕಾಗದದ ಮೇಲೆ ಮೊದಲು ಹುಟ್ಟಿತು. 1970ರಲ್ಲಿ ಸಿಡ್ಕೊ ರಚನೆಯಾಯಿತು. ನಕ್ಷೆಯೊಳಗೆ 95 ಹಳ್ಳಿಗಳಿದ್ದವು. ಭತ್ತದ ಗದ್ದೆ, ಉಪ್ಪಿನ ಗದ್ದೆ ಹೋದವು. ಪರಿಹಾರ ಕೇಳಿ ದಿ. ಬಾ. ಪಾಟೀಲರ ಮುಂದಾಳುತನದಲ್ಲಿ 1984ರ ಜನವರಿಯಲ್ಲಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಗಿ ಐವರು ಸತ್ತರು. ಕಳೆದುಕೊಂಡ ನೆಲದ ಶೇ 12.5ರಷ್ಟು ಅಭಿವೃದ್ಧಿಪಡಿಸಿದ ನಿವೇಶನ ಕೊಡುವ ಯೋಜನೆ ಬಂದದ್ದು ಈ ಹೋರಾಟದಿಂದ.

ಹಳ್ಳಿಯ ಹಳೆಯ ವಸತಿಗೆ ಅಲ್ಲಿ ಗಾವಠಾಣ ಎನ್ನುತ್ತಾರೆ, ನಮ್ಮ ಕಡೆಯ ಗ್ರಾಮಠಾಣ. ವಾಶಿ, ತುರ್ಭೆ, ನೆರೂಳ್ ಈಗ ಸ್ಟೇಷನ್ ಹೆಸರುಗಳು. ಸೆಕ್ಟರ್‌ಗಳ ನೇರ ರಸ್ತೆ ಇದ್ದಕ್ಕಿದ್ದಂತೆ ಸೊಟ್ಟಗಾಗಿ, ಓಣಿ ಕಿರಿದಾಗಿ, ಮನೆಗಳು ಒತ್ತೊತ್ತಾಗಿ ಮಹಡಿಯ ಮೇಲೆ ಮಹಡಿ ಏರಿಸಿಕೊಂಡಿದ್ದರೆ ಅದು ಗಾವಠಾಣ. ಆ ಮಹಡಿಗಳನ್ನು ಸಕ್ರಮ ಮಾಡಿ ಎಂಬ ಬೇಡಿಕೆ ಇನ್ನೂ ನಡೆದೇ ಇದೆ.