ಸುಮನಹಳ್ಳಿಯಲ್ಲಿ 104 ಡಿಗ್ರಿ

ಅನ್ನಪೂರ್ಣೇಶ್ವರಿ ನಗರದಿಂದ ಎಲ್ಲಿಗೆ ಹೊರಟರೂ ಮೊದಲು ನಿಲ್ಲಬೇಕು. ಒಂದು ಕಡೆ ನಾಗರಬಾವಿ, ಇನ್ನೊಂದು ಕಡೆ ಸುಂಕದಕಟ್ಟೆ, ಮಾಗಡಿ ರಸ್ತೆ. ಯಾವ ಕಡೆ ತಿರುಗಿದರೂ ರಿಂಗ್ ರೋಡ್ ಸಿಗುತ್ತೆ. ಬೆಳಗ್ಗೆ ಒಂಬತ್ತಕ್ಕೆ ಸುಮನಹಳ್ಳಿ ಜಂಕ್ಷನ್ ದಾಟೋದು ಅಂದ್ರೆ ಕಾರು ಓಡಿಸೋದಲ್ಲ, ಕಾರಲ್ಲಿ ಕೂರೋದು. ಓಡ್ತಿರೋದು ಎಂಜಿನ್ ಮಾತ್ರ.

ಘಾಟಿ ಹತ್ತುವಾಗ ಎಂಜಿನ್ ಬಿಸಿಯಾಗುತ್ತೆ ಅಂತ ಎಲ್ಲರೂ ಹೆದರ್ತಾರೆ. ಘಾಟಿಯಲ್ಲಿ ಕಾರು ಚಲಿಸ್ತಾ ಇರುತ್ತೆ, ರೇಡಿಯೇಟರ್‌ಗೆ ಅಷ್ಟಿಷ್ಟು ಗಾಳಿಯಾದರೂ ಬಡಿಯುತ್ತೆ. ನಮ್ಮ ಏರಿಯಾದ ಟ್ರಾಫಿಕ್‌ನಲ್ಲಿ ಅದೂ ಇಲ್ಲ. ಮುಂದಿರುವ ಸಣ್ಣ ಫ್ಯಾನೇ ಗತಿ.

ಅಪ್ಪನ ಕಾರು 2009ರದ್ದು, ಪೆಟ್ರೋಲ್. ಹದಿನೈದು ವರ್ಷ ತುಂಬಿದ್ದರಿಂದ ಆರ್‌ಸಿ ನವೀಕರಿಸಬೇಕಿತ್ತು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಜೊತೆಗೆ ಫಿಟ್‌ನೆಸ್ ಪರೀಕ್ಷೆ. ಅದೇ ಹೊತ್ತಿಗೆ ಕೂಲಂಟ್ ಡಬ್ಬಿಯಿಂದ ನೀರು ಉಕ್ಕಿ ಚೆಲ್ಲೋಕೆ ಶುರುವಾಯ್ತು. ಗ್ಯಾರೇಜಿನವರು ಬಾನೆಟ್ ಎತ್ತಿ ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟರು: "ಹೆಡ್ ಗ್ಯಾಸ್ಕೆಟ್ ಹೋಗಿದೆ ಮೇಡಂ. ಇದಕ್ಕೆ ದುಡ್ಡು ಹಾಕೋ ಬದಲು ಮಾರ್ಬಿಡಿ."

ಅಪ್ಪ ಏನೂ ಮಾತಾಡಲಿಲ್ಲ. ಹೊರನಾಡಿಗೆ ಸ್ವಂತ ಕಾರಲ್ಲಿ ಒಂದ್ಸಲ ಹೋಗಿಬರಬೇಕು ಅನ್ನೋದು ಅವರ ಹಳೇ ಆಸೆ. ಅನ್ನಪೂರ್ಣೇಶ್ವರಿ ಹೆಸರಿನ ಬಡಾವಣೇಲಿ ಇಷ್ಟು ವರ್ಷ ಇದ್ದು ಆ ತಾಯಿ ದೇವಸ್ಥಾನಕ್ಕೆ ಬಸ್ಸಲ್ಲೇ ಹೋದದ್ದಾಯ್ತು ಅನ್ನೋರು.

ಗ್ಯಾಸ್ಕೆಟ್ ಹೋಗಿದ್ದರೆ ಹೋಗಲಿ, ಆದರೆ ಎಂಜಿನ್ ಯಾವಾಗ, ಎಷ್ಟು ಬಿಸಿಯಾಗ್ತಿದೆ ಅಂತ ಗೊತ್ತಾಗದೆ ನಿರ್ಧಾರ ಹೇಗೆ? ಕಾರಿನಲ್ಲೇ ಒಂದು ಟೆಂಪರೇಚರ್ ಮುಳ್ಳು ಇದೆಯಲ್ಲ ಅಂತೀರಾ? ಅದು ಸದಾ ನಡುಮಧ್ಯದಲ್ಲಿ ನಿಂತಿರುತ್ತೆ. ಅನೇಕ ಕಾರುಗಳಲ್ಲಿ ಅದನ್ನು ಬೇಕಂತಲೇ ಹಾಗೆ ಮಾಡಿರ್ತಾರೆ. ಸ್ವಲ್ಪ ಏರಿಳಿತ ಕಂಡರೂ ಜನ ಗಾಬರಿಯಾಗಿ ಸರ್ವಿಸ್ ಸೆಂಟರ್‌ಗೆ ಓಡ್ತಾರೆ ಅಂತ. ಅದು ನಡುವಿನಿಂದ ಮೇಲೇಳುವ ಹೊತ್ತಿಗೆ ಎಂಜಿನ್‌ಗೆ ಆಗಬೇಕಾದದ್ದು ಆಗಿರುತ್ತೆ. ಎಷ್ಟೋ ಹೊಸ ಸಣ್ಣ ಕಾರುಗಳಲ್ಲಂತೂ ಮುಳ್ಳೇ ಇಲ್ಲ, ಬರೀ ಕೆಂಪು ದೀಪ.

ಹಾಗಾಗಿ ಜೆ.ಸಿ. ರೋಡಿಗೆ ಹೋಗಿ ಅಂಕಿ ತೋರಿಸುವ ಒಂದು ಮೀಟರ್ ತಂದೆ. 52 ಮಿ.ಮೀ. ಅಗಲದ್ದು, ಸೆನ್ಸರ್ ಸಮೇತ. ಅಂಗಡಿಯಲ್ಲಿ ಹುಡುಗರಿಬ್ಬರು ಬೂಸ್ಟ್ ಮೀಟರ್ ಚೌಕಾಸಿ ಮಾಡ್ತಿದ್ದರು. ಹೊರಗೆ ನಿಂತಿದ್ದ ಅವರ ಕಾರಿಗೆ ಟರ್ಬೋನೇ ಇರಲಿಲ್ಲ! ಇರಲಿ, ಶೋಕಿಗೂ ಒಂದು ವಯಸ್ಸಿದೆ.

ಕೂರಿಸಿದ್ದು ನಮ್ಮ ಬಡಾವಣೆಯಲ್ಲೇ, ಮನೆಯೊಂದರ ಕೆಳಗೆ ಶಟರ್ ಎಳೆದುಕೊಂಡು ಕೆಲಸ ಮಾಡುವ ಆಟೋ ಎಲೆಕ್ಟ್ರಿಷಿಯನ್. ಎಂಜಿನ್ ಪೂರ್ತಿ ತಣ್ಣಗಾಗಿರಲಿ ಅಂತ ಬೆಳಗ್ಗೆ ಏಳಕ್ಕೇ ಬರಹೇಳಿದ್ದರು. ಎಂಜಿನ್‌ನಿಂದ ರೇಡಿಯೇಟರ್‌ಗೆ ಹೋಗುವ ಮೇಲಿನ ಹೋಸ್ ಪೈಪ್ ಕತ್ತರಿಸಿ, ನಡುವೆ ಅಲ್ಯೂಮಿನಿಯಂ ತುಂಡೊಂದನ್ನು ಸೇರಿಸಿ, ಎರಡೂ ಕಡೆ ಕ್ಲಾಂಪ್ ಬಿಗಿದರು. ಆ ತುಂಡಿನಲ್ಲೇ ಸೆನ್ಸರ್ ಕೂರುತ್ತೆ.

ಮುಖ್ಯ ವಿಷಯ ಇಲ್ಲಿದೆ. ಒಂದೇ ವೈರಿನ ಸೆನ್ಸರ್ ಆದರೆ ಅದಕ್ಕೆ ಅರ್ಥ್ ಸಿಗಬೇಕಾದ್ದು ಮೈಯಿಂದಲೇ. ಹೋಸ್ ರಬ್ಬರಿನದು, ಕರೆಂಟ್ ಹರಿಯಲ್ಲ. ಆ ತುಂಡಿನಿಂದ ಬಾಡಿಗೆ ಬೇರೊಂದು ಅರ್ಥ್ ವೈರ್ ಎಳೆಯದಿದ್ದರೆ ಮೀಟರ್ ಸರಿಯಾಗಿ ತೋರಿಸೋದೇ ಇಲ್ಲ. ಕರೆಂಟನ್ನು ಕೀ ತಿರುಗಿಸಿದಾಗ ಮಾತ್ರ ಬರುವ ಲೈನಿನಿಂದ, ಸಣ್ಣ ಫ್ಯೂಸ್ ಹಾಕಿಯೇ ತಗೋಬೇಕು. ಇಲ್ಲದಿದ್ದರೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತೆ. ಕೊನೆಗೆ ಕೂಲಂಟ್ ತುಂಬಿ, ಕ್ಯಾಪ್ ತೆಗೆದಿಟ್ಟೇ ಎಂಜಿನ್ ಚಾಲೂ ಮಾಡಿ ಗಾಳಿಗುಳ್ಳೆ ನಿಲ್ಲುವ ತನಕ ಕಾದರು. ಮೀಟರನ್ನು ಸ್ಟೀರಿಂಗ್ ಪಕ್ಕ, ರಸ್ತೆ ಮರೆಯಾಗದ ಹಾಗೆ ಕೂರಿಸಿದರು. ಏರ್‌ಬ್ಯಾಗ್ ಇರುವ ಕಾರಾದರೆ ಅದು ತೆರೆದುಕೊಳ್ಳುವ ಜಾಗದಲ್ಲಿ, ಮುಂದಿನ ಕಂಬದಲ್ಲಿ ಏರ್‌ಬ್ಯಾಗ್ ಇದ್ದರೆ ಅಲ್ಲೂ, ಯಾವ ಮೀಟರ್ರೂ ಬೇಡ.

ಮಾರನೇ ದಿನ ಆಫೀಸಿಗೆ ಅದೇ ಕಾರು. ಮೊದಲ ಐದಾರು ನಿಮಿಷ ಅಂಕಿ ಹೆಚ್ಚು ಏರಲಿಲ್ಲ. ಥರ್ಮೋಸ್ಟಾಟ್ ತೆರೆಯುವ ತನಕ ಬಿಸಿನೀರು ಆ ಹೋಸಿಗೆ ಸರಿಯಾಗಿ ಬರೋದೇ ಇಲ್ಲ. ಆಮೇಲೆ ರಿಂಗ್ ರೋಡಲ್ಲಿ ಓಡ್ತಿರುವಾಗ 88. ಸುಮನಹಳ್ಳಿಯಲ್ಲಿ ನಿಂತೆ. 92. 97. 101. ಕಾರಿನ ಮೂಲ ಮುಳ್ಳು ಮಾತ್ರ ನಡುಮಧ್ಯದಲ್ಲೇ ತಪಸ್ಸಿಗೆ ಕೂತಿತ್ತು. 104ಕ್ಕೆ ನನ್ನ ಕೈ ಬೆವರಿತು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ರೇಡಿಯೇಟರ್ ಕ್ಯಾಪ್ ಕುಕ್ಕರ್ ಮುಚ್ಚಳದ ಹಾಗೆ ಒತ್ತಡ ಹಿಡಿದಿರೋದರಿಂದ ಕೂಲಂಟ್ ಕುದಿಯದೆ ನಿಂತಿರುತ್ತೆ. ಆ ಹೊತ್ತಲ್ಲಿ ಕ್ಯಾಪ್ ತೆಗೆದರೆ ಮುಖಕ್ಕೇ ಎರಚುತ್ತೆ, ದಯವಿಟ್ಟು ಬೇಡ.

ಎಲೆಕ್ಟ್ರಿಷಿಯನ್ ಒಂದು ಮಾತು ಹೇಳಿಕೊಟ್ಟಿದ್ದರು: "ಏರಿದ್ರೆ ಎಸಿ ಹಾಕಿ ನೋಡಿ ಅಕ್ಕ." ಹಾಕಿದೆ. ಬಾನೆಟ್ ಒಳಗೆ ಫ್ಯಾನ್ ಗುರ್ ಅಂದಿತು. ಎರಡು ನಿಮಿಷದಲ್ಲಿ 95.

ಅಲ್ಲಿಗೆ ಗುಟ್ಟು ಬಯಲಾಯ್ತು. ಎಸಿ ಹಾಕಿದರೆ ತಿರುಗುವ ಫ್ಯಾನ್ ಕೆಟ್ಟಿಲ್ಲ. ಬಿಸಿಯಾದಾಗ ತಾನಾಗಿ ತಿರುಗು ಅಂತ ಅದಕ್ಕೆ ಹೇಳಬೇಕಾದ ಸ್ವಿಚ್ ಕೆಟ್ಟಿದೆ. ಅಪ್ಪನಿಗೆ ಎಸಿ ಗಾಳಿ ಆಗಿಬರಲ್ಲ, ಅದಕ್ಕೇ ಅವರು ಓಡಿಸಿದಾಗೆಲ್ಲ ಕೂಲಂಟ್ ಉಕ್ತಿತ್ತು. ಗ್ಯಾಸ್ಕೆಟ್ ಹೋಗಿದ್ದರೆ ರಸ್ತೆ ಖಾಲಿ ಇದ್ದಾಗಲೂ ಇಷ್ಟು ಶಾಂತವಾಗಿ ಇರೋದು ಅನುಮಾನ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಹೈವೇಯಲ್ಲಿ ವೇಗ ಹೆಚ್ಚಿದಷ್ಟೂ ಅಂಕಿ ಏರಬೇಕಿತ್ತು. ಸ್ವಿಚ್ ಬದಲಾಯಿಸಿದೆವು. ಅದರ ಬೆಲೆ ಮೀಟರ್‌ಗಿಂತ ಕಡಿಮೆ. ಈಗ 96ಕ್ಕೆ ಫ್ಯಾನ್ ಬರುತ್ತೆ, 90ಕ್ಕೆ ನಿಲ್ಲುತ್ತೆ.

ಹತ್ತು ವರ್ಷದೊಳಗಿನ ಕಾರಿರುವವರು ಇಷ್ಟೆಲ್ಲ ಕತ್ತರಿಸಬೇಕಿಲ್ಲ. ಸ್ಟೀರಿಂಗ್ ಕೆಳಗೆ ಓಬಿಡಿ ಪೋರ್ಟ್ ಇರುತ್ತೆ. ಸಣ್ಣ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಎಂಜಿನ್‌ನ ಶಾಖ, ಬ್ಯಾಟರಿ ವೋಲ್ಟೇಜ್ ಎರಡೂ ಫೋನಿಗೇ ಬರುತ್ತೆ. ವಾರಂಟಿ ಇರುವ ಕಾರಿನ ವೈರ್ ಕತ್ತರಿಸೋಕೆ ಯಾರು ಹೇಳಿದರೂ ಒಪ್ಪಬೇಡಿ.

ಆರ್‌ಸಿ ಇನ್ನೈದು ವರ್ಷಕ್ಕೆ ನವೀಕರಣವಾಯ್ತು. ಹೊರನಾಡಿಗೂ ಹೋಗಿಬಂದೆವು. ಹಾಸನ, ಬೇಲೂರು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕಳಸದ ತಿರುವುಗಳನ್ನು ಸೆಕೆಂಡ್ ಗೇರಲ್ಲಿ ಹತ್ತುವಾಗಲೂ 93 ದಾಟಲಿಲ್ಲ. ಪಕ್ಕದಲ್ಲಿ ಅಮ್ಮ ಕಾಫಿ ತೋಟ ನೋಡ್ತಿದ್ದರೆ ಅಪ್ಪ ಡ್ರೈವ್ ಮಾಡ್ತಾ ಅಂಕಿ ಓದಿ ಹೇಳ್ತಿದ್ದರು, ಕ್ರಿಕೆಟ್ ಸ್ಕೋರಿನ ಹಾಗೆ.

ಈಗ ಅವರಿಗೆ ಆಯಿಲ್ ಪ್ರೆಶರ್ ಮೀಟರ್ರೂ ಬೇಕಂತೆ. "ಅದೂ ಒಂದು ಇದ್ಬಿಟ್ರೆ ನಿಶ್ಚಿಂತೆ ಕಣಮ್ಮ" ಅಂತಾರೆ. ಅದಕ್ಕೆ ಎಂಜಿನ್‌ನ ಆಯಿಲ್ ದಾರಿಗೇ ಒಂದು ಟೀ ಜೋಡಿಸಬೇಕು. ಅಲ್ಲಿ ಸೋರಿದರೆ ಹೋಗೋದು ನೀರಲ್ಲ, ಕುದಿಯುವ ಆಯಿಲ್ಲು. ನಾನಿನ್ನೂ ಹ್ಞೂಂ ಅಂದಿಲ್ಲ.