ಮಳೆಯಲ್ಲಿ ನಂದಿಬೆಟ್ಟದ ಅತಿಥಿಗಳು

ನಂದಿಬೆಟ್ಟಕ್ಕೆ ಬರುವವರಲ್ಲಿ ಬಹುಪಾಲು ಮಂದಿಗೆ ಬೇಕಾದದ್ದು ಸೂರ್ಯೋದಯ. ನವೆಂಬರ್ ತಿಂಗಳ ಆ ಬೆಳಿಗ್ಗೆ ಸೂರ್ಯನ ಸುಳಿವೇ ಇರಲಿಲ್ಲ. 1,478 ಮೀಟರ್ ಎತ್ತರದ ಬೆಟ್ಟವನ್ನು ಮಂಜು ಮುಚ್ಚಿತ್ತು. ಹಿಂಗಾರು ಮಳೆ ಸುರಿಯುತ್ತಿತ್ತು. ಬಂದವರೆಲ್ಲ ಬಿಸಿ ಕಾಫಿ ಕುಡಿದು ಕೆಳಗಿಳಿಯತೊಡಗಿದರು. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರ ಬಂದಿದ್ದ ತಂದೆ-ಮಗಳು ಮಾತ್ರ ಮರಗಳ ನಡುವೆ ಕೊಡೆ ಬಿಚ್ಚಿ ನಿಂತರು.

ಅವರು ಕಾಯುತ್ತಿದ್ದುದು ಇಂಡಿಯನ್ ಬ್ಲೂ ರಾಬಿನ್ ಎಂಬ ಹಾಡುಹಕ್ಕಿಗಾಗಿ. ಹಿಮಾಲಯದಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ದಕ್ಷಿಣಕ್ಕೆ ವಲಸೆ ಬರುವ ಇದರ ತೂಕ ಸುಮಾರು 15 ಗ್ರಾಂ. ಅಂದರೆ ಮೂರು ಟೀ ಚಮಚ ಸಕ್ಕರೆಯಷ್ಟು!

ಒಂಬತ್ತನೇ ತರಗತಿಯ ಮಗಳು ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿ ರಬ್ಬರ್ ಬ್ಯಾಂಡ್ ಬಿಗಿದಳು. ಬೆಳಕು ಸಾಲದು. ಶಟರ್ ಸೆಕೆಂಡಿನ 60ನೇ ಒಂದು ಭಾಗದಷ್ಟು ಹೊತ್ತು ತೆರೆದಿರಬೇಕು. ಅಷ್ಟರಲ್ಲಿ ಹಕ್ಕಿ ಅಲುಗಿದರೂ ಚಿತ್ರ ಮಸುಕು.

ಗಂಟೆ ಕಳೆದರೂ ಹಕ್ಕಿಯಿಲ್ಲ. ತಂದೆ ಮೊಬೈಲ್ ತೆಗೆದರು. ಅದರಲ್ಲಿ ಹಕ್ಕಿಯ ದನಿಯ ಮುದ್ರಣವಿತ್ತು.

"ಒಂದು ಸಲ ಹಾಕಿದರೆ ಸಾಕು ಪುಟ್ಟಿ, ಬಂದುಬಿಡುತ್ತೆ."

"ಬೇಡಪ್ಪ. ಪಾಪ, ಅದಿನ್ನೂ ಏನೂ ತಿಂದಿರಲ್ಲ."

ಆ ಮಾತಿನಲ್ಲಿ ಕರುಣೆಯಷ್ಟೇ ಅಲ್ಲ, ವಿಜ್ಞಾನವೂ ಇದೆ. ದೇಹ ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಹಾಗಾಗಿ ಶಾಖ ಬೇಗ ಸೋರಿಹೋಗುತ್ತದೆ. ಜೋರು ಮಳೆಯಲ್ಲಿ ಕೀಟಗಳು ಅಡಗಿರುತ್ತವೆ. ತಪ್ಪಿದ ಊಟವನ್ನು ಮಳೆ ನಿಂತ ಕೂಡಲೇ ಹಕ್ಕಿ ಹುಡುಕಿಕೊಳ್ಳಬೇಕು. ಮೊಬೈಲಿನ ದನಿ ಕೇಳಿ, ಎದುರಾಳಿ ಬಂದನೆಂದು ಭ್ರಮಿಸಿದರೆ ಮೇಯುವುದನ್ನು ಬಿಟ್ಟು ಅತ್ತ ಓಡುತ್ತದೆ. ನಮಗೊಂದು ಚಿತ್ರ, ಅದಕ್ಕೊಂದು ಉಪವಾಸ.

ತಂದೆ ಮೊಬೈಲನ್ನು ಜೇಬಿಗಿಳಿಸಿದರು.

ಹತ್ತು ಗಂಟೆಯ ಹೊತ್ತಿಗೆ ಮಳೆ ನಿಂತಿತು. ಮೊದಲು ಮೇಲಿನ ಕೊಂಬೆಗಳಲ್ಲಿ ಗ್ರೀನಿಶ್ ವಾರ್ಬ್ಲರ್‌ಗಳ ಸದ್ದು. ಅವೂ ಉತ್ತರದಿಂದ ಬಂದ ವಲಸಿಗರೇ. ಆಮೇಲೆ ಪೊದೆಯ ಬುಡದಲ್ಲಿ ನೀಲಿ ಬೆನ್ನು, ಕಿತ್ತಳೆ ಎದೆ, ಬಿಳಿ ಹುಬ್ಬು! ರಾಬಿನ್ ಕುಪ್ಪಳಿಸುತ್ತಾ ಬಂದು, ಒದ್ದೆ ತರಗೆಲೆಗಳ ನಡುವಿನಿಂದ ಹುಳುವೊಂದನ್ನು ಹೆಕ್ಕಿತು. ಮಗಳು ಕುಳಿತಲ್ಲಿಂದ ಕದಲದೆ ಕ್ಲಿಕ್ಕಿಸಿದಳು.

ಮೂವತ್ತು ಚಿತ್ರಗಳಲ್ಲಿ ಉಳಿದದ್ದು ಒಂದು. ಅದರಲ್ಲೂ ಬಾಲ ಮಸುಕಾಗಿದೆ. ಕೊಕ್ಕಿನಲ್ಲಿರುವ ಹುಳು ಮಾತ್ರ ಸ್ಪಷ್ಟವಾಗಿದೆ.

ಚಳಿಗಾಲದಲ್ಲಿ ನಂದಿಗೆ ಹೋಗುವ ವಿದ್ಯಾರ್ಥಿಗಳು ಮಳೆ ಬಂತೆಂದು ಕೂಡಲೇ ಹಿಂತಿರುಗಬೇಕಾಗಿಲ್ಲ. ಕೊಡೆ, ದುರ್ಬೀನು, ಒಂದು ನೋಟ್‌ಬುಕ್ ಜೊತೆಗಿರಲಿ. ಕಾಲುದಾರಿ ಬಿಟ್ಟು ಪೊದೆಗೆ ನುಗ್ಗುವುದು ಬೇಡ. ಮಳೆ ನಿಂತ ಮೇಲೆ ಇನ್ನರ್ಧ ಗಂಟೆ ಸುಮ್ಮನೆ ಕುಳಿತು ನೋಡಿ. ಕರೆಯದೆ ಬಂದ ಹಕ್ಕಿಯನ್ನು ನೋಡುವ ಸುಖವೇ ಬೇರೆ.